1974ರ ಯೆಜ್ಡಿ ರೆಸ್ಟೋರೇಶನ್: ಬಣ್ಣ, ಕ್ರೋಮ್ ಬಗ್ಗೆ ಸಲಹೆ ಬೇಕು

ಮಂಡ್ಯ_ಮಧು
ಎಲ್ಲರಿಗೂ ನಮಸ್ಕಾರ. ಅಪ್ಪ 1974ರಲ್ಲಿ ತೆಗೆದುಕೊಂಡ ಯೆಜ್ಡಿ 250 ಬೈಕ್ ನಮ್ಮ ಕೊಟ್ಟಿಗೆಯಲ್ಲಿ 22 ವರ್ಷ ನಿಂತಿತ್ತು. ಅಪ್ಪ ಹೋದ ವರ್ಷ ತೀರಿಕೊಂಡರು. ಈಗ ಗಾಡಿ ಪೂರ್ತಿ ಬಿಚ್ಚಿದ್ದೇನೆ. ಮೇಲೆ ಕಪ್ಪು ಬಣ್ಣ, ಅದರ ಕೆಳಗೆ ನೀಲಿ. ಟೂಲ್ ಬಾಕ್ಸ್ ಮುಚ್ಚಳದ ಒಳಮೈಯನ್ನು ಉಗುರಿನಲ್ಲಿ ಕೆರೆದರೆ ಮೆರೂನ್ ಕಂಡಿತು. ಅಂಗಡಿಯಲ್ಲಿ ತೋರಿಸುವ ಮಿಂಚಿನ ಮೆರೂನ್ ಅಲ್ಲ, ಒಣಗಿದ ಬ್ಯಾಡಗಿ ಮೆಣಸಿನಕಾಯಿ ಬಣ್ಣ. ಅದೇ ಬೇಕು ನನಗೆ. ಪೇಂಟರ್ "2ಕೆ ಪಿಯು ಹೊಡೆದು ಮೇಲೆ ಕ್ಲಿಯರ್ ಕೋಟ್ ಹಾಕೋಣ" ಅನ್ನುತ್ತಿದ್ದಾರೆ, ಅಂದರೆ ಹಾರ್ಡ್‌ನರ್ ಬೆರೆಸಿದ ಪಾಲಿಯುರೆಥೇನ್ ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಹೊಳಪಿನ ಪದರ. ರಿಮ್, ಸೈಲೆನ್ಸರ್, ಹ್ಯಾಂಡಲ್ ಕ್ರೋಮ್ ಎಲ್ಲಾ ಎದ್ದಿದೆ. ಗಾಡಿ ಆಗಿನ ಕಾಲದಲ್ಲಿ ಹೇಗಿತ್ತೋ ಹಾಗೇ ಆಗಬೇಕು. ಟ್ಯಾಂಕ್ ಬ್ಯಾಡ್ಜ್ ಎಲ್ಲೋ ಕಳೆದುಹೋಗಿದೆ. ಶಿವಾಜಿನಗರದ ಗುಜರಿಯಲ್ಲಿ ಹಳೇ ಜಾವಾ ಬ್ಯಾಡ್ಜ್ ಜೋಡಿ ಸಿಕ್ಕಿತು, ಅದನ್ನೇ ಹಾಕುತ್ತೇನೆ. ಬಣ್ಣ, ಕ್ರೋಮ್ ಬಗ್ಗೆ ದಯವಿಟ್ಟು ಹೇಳಿ.

ಎರಡು_ಸೈಲೆನ್ಸರ್
ಮಧು ಅವರೇ, ಕ್ಲಿಯರ್ ಕೋಟ್ ಮಾತ್ರ ಬೇಡ. ಕೈ ಮುಗಿದು ಕೇಳುತ್ತೇನೆ. ಹಳೇ ಎನಾಮೆಲ್‌ನಲ್ಲಿ ಹೊಳಪು ಬಣ್ಣದ್ದೇ. ಮೇಲೆ ಇನ್ನೊಂದು ಗಾಜಿನ ಪದರ ಇರಲಿಲ್ಲ. ಕ್ಲಿಯರ್ ಹಾಕಿದ ಟ್ಯಾಂಕ್ ಬಿಸಿಲಿಗೆ ನಿಲ್ಲಿಸಿದರೆ ನೀರು ಸುರಿದ ಹಾಗೆ ಕಾಣುತ್ತೆ. ಕ್ರೋಮ್ ವಿಷಯಕ್ಕೆ ಬಂದರೆ, ಮೊದಲು ತಾಮ್ರ, ಆಮೇಲೆ ನಿಕಲ್, ಕೊನೆಗೆ ಕ್ರೋಮ್. ಹೊಳಪು, ತುಕ್ಕಿನ ತಡೆ ಎರಡೂ ಬರುವುದು ಕೆಳಗಿನ ನಿಕಲ್‌ನಿಂದ. ಕ್ರೋಮ್ ಬರೀ ತೆಳ್ಳನೆ ಚರ್ಮ. ಕಡಿಮೆ ರೇಟಿನವರು ತಾಮ್ರ ಬಿಟ್ಟು, ನಿಕಲ್ ತೋರಿಕೆಗೆ ಮುಟ್ಟಿಸಿ ಕೊಡುತ್ತಾರೆ. ಒಂದೇ ಮಳೆಗಾಲಕ್ಕೆ ಚುಕ್ಕೆ ಚುಕ್ಕೆ ತುಕ್ಕು.

ಗ್ಯಾರೇಜ್_ಗಿರೀಶ
"ಆಗಿನ ಕಾಲದಲ್ಲಿ ಹೇಗಿತ್ತೋ ಹಾಗೇ" ಅಂದಿದ್ದೀರಿ. ಸರಿ, ಆಗಿನ ಪೆಟ್ರೋಲ್ ಎಲ್ಲಿಂದ ತರುತ್ತೀರಿ? ಈಗ ಬಂಕಲ್ಲಿ ಸಿಗುವುದರಲ್ಲಿ ಶೇ 20 ಎಥನಾಲ್. ಅದು ಗಾಳಿಯ ತೇವ ಎಳೆಯುತ್ತೆ, ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತೆ, ಗಾಡಿ ನಿಂತರೆ ಟ್ಯಾಂಕ್ ಒಳಗೆ ತುಕ್ಕು. ಈಗ ಬ್ರಷ್ಷಿನಲ್ಲಿ ಹೊಡೆಯೋ ಎನಾಮೆಲ್ ಮೇಲೆ ಮುಚ್ಚಳದ ಹತ್ತಿರ ನಾಲ್ಕು ಹನಿ ಪೆಟ್ರೋಲ್ ಬಿದ್ದರೆ ಬಣ್ಣ ಸುಕ್ಕಾಗಿ ಏಳುತ್ತೆ. ನಿಮ್ಮ ಪೇಂಟರ್ ಹೇಳಿದ್ದೇ ಸರಿ. ಗಾಡಿ ಓಡಿಸೋಕೆ ಇರುವುದು, ಗಾಜಿನ ಪೆಟ್ಟಿಗೆಯಲ್ಲಿ ಇಡೋಕಲ್ಲ.

ಯಾದವಗಿರಿ_ಯೋಗಿ
ಬಣ್ಣದ ಮಾತು ಆಮೇಲೆ. 1974ರ ಯೆಜ್ಡಿಗೆ ಜಾವಾ ಬ್ಯಾಡ್ಜಾ? ಅದು ತಪ್ಪು. ಮೈಸೂರಿನ ಐಡಿಯಲ್ ಜಾವಾದಲ್ಲಿ 1961ರಿಂದ ಗಾಡಿ ಬಂದವು, ಜಾವಾ ಅನ್ನುವ ಹೆಸರಲ್ಲಿ. 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು. ನಿಮ್ಮ ಆರ್‌ಸಿ ತೆಗೆದು ನೋಡಿ, ಅದರಲ್ಲಿ ಏನು ಬರೆದಿದೆಯೋ ಅದೇ ಟ್ಯಾಂಕ್ ಮೇಲೆ ಇರಬೇಕು. ಬಣ್ಣಕ್ಕೆ ಇಷ್ಟು ಕೆರೆದು ನೋಡಿದವರು ಹೆಸರಿಗೆ ಯಾಕೆ ಹೀಗೆ ಮಾಡುತ್ತೀರಿ?

ಹುಬ್ಬಳ್ಳಿ_ಮಂಜು
"ತಪ್ಪು" ಅಂತ ಒಂದೇ ಮಾತಿಗೆ ತೀರ್ಪು ಕೊಟ್ಟುಬಿಟ್ರಲ್ರೀ. ಅದೇ ಫ್ಯಾಕ್ಟರಿ, ಅದೇ ಜನ. ಬೋರ್ (ಸಿಲಿಂಡರ್ ಅಗಲ) 65 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿಮೀ, ಅದೇ ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಅದೂ ಬದಲಾಗಲಿಲ್ಲ. ಇಂಜಿನ್ ಬದಲಾಗಲಿಲ್ಲ, ಹೆಸರು ಮಾತ್ರ ಬದಲಾಯಿತು. ಯೆಜ್ಡಿಯದೇ ಹೊಸ ಮಾಡೆಲ್ ಆಗಿ ಬಂದ 1978ರ ರೋಡ್‌ಕಿಂಗ್ ಮೇಲೆ ಜಾವಾ ಅಂತ ಬರೆದರೆ ನಾನೇ ಬೇಡ ಅಂತೀನಿ. ಇದು ಹಾಗಲ್ಲ.

ಯಾದವಗಿರಿ_ಯೋಗಿ
"ಹೆಸರು ಮಾತ್ರ" ಅಂತೀರಾ? ಆ ಹೆಸರು ನಮ್ಮೂರಿನದು ಸಾರ್. ಜಾವಾ ಹೆಸರು ಚೆಕ್ ದೇಶದ ಕಂಪನಿಯದು. ಯೆಜ್ಡಿ ಹೆಸರು ಇಲ್ಲಿ ಇಟ್ಟಿದ್ದು, ಇರಾನಿನ ಯಜ್ದ್ ಊರಿನ ನೆನಪಿಗೆ ಅಂತಾರೆ. ಮೈಸೂರಿನ ಕಾರ್ಖಾನೆ ತನ್ನ ಕಾಲ ಮೇಲೆ ನಿಂತ ಗುರುತು ಅದು. ಈಗ ಜಾವಾ ಅಂದರೆ ಜಾಸ್ತಿ ದುಡ್ಡು ಸಿಗುತ್ತೆ ಅಂತ ಸಾಲು ಸಾಲು ಯೆಜ್ಡಿಗಳ ಹೆಸರು ಕಿತ್ತು ಜಾವಾ ಅಂಟಿಸುತ್ತಿದ್ದಾರೆ. ಇನ್ನು 10 ವರ್ಷಕ್ಕೆ ಅಸಲಿ ಯೆಜ್ಡಿ ತೋರಿಸಿ ಅಂದರೆ ಒಂದೂ ಇರಲ್ಲ.

ಮಂಡ್ಯ_ಮಧು
ದುಡ್ಡಿಗೋಸ್ಕರ ಅಂತ ಮಾತ್ರ ಹೇಳಬೇಡಿ. ಗಾಡಿ ಮಾರುವುದಿಲ್ಲ, ಯಾವತ್ತೂ. ಆರ್‌ಸಿಯಲ್ಲಿ ಯೆಜ್ಡಿ ಅಂತಲೇ ಇದೆ, ಅದನ್ನು ನಾನೇ ಮೊದಲ ಸಾಲಲ್ಲಿ ಬರೆದಿದ್ದೇನೆ. ಆದರೆ ಅಪ್ಪ ಕೊನೆಯವರೆಗೂ "ನನ್ನ ಜಾವಾ" ಅಂತಲೇ ಕರೆದರು. ಬೆಳಿಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟರೆ ಊರಿನವರೆಲ್ಲ "ಜಾವಾ ಬಂತು" ಅನ್ನುತ್ತಿದ್ದರು. ನಮ್ಮ ಕಡೆ ಯೆಜ್ಡಿ ಅಂದವರನ್ನು ನಾನು ಕೇಳಿದ್ದೇ ಕಡಿಮೆ.

ಹುಬ್ಬಳ್ಳಿ_ಮಂಜು
ನೋಡಿ, ಊರಿಗೆ ಊರೇ ಜಾವಾ ಅಂದಿದೆ. ಇನ್ನೊಂದು ಮಾತು. ಫ್ಯಾಕ್ಟರಿಯವರು ಡಿಸೆಂಬರ್ 31ಕ್ಕೆ ಹಳೇ ಮಾಲು ಸುರಿದು ಜನವರಿ 1ಕ್ಕೆ ಹೊಸದು ತೆಗೆದಿರುತ್ತಾರಾ? ಸ್ಟಾಕ್ ಇದ್ದದ್ದು ಖರ್ಚಾಗಲೇಬೇಕು. 1974ರ ಗಾಡಿಯಲ್ಲೇ ಜಾವಾ ಅಂತ ಬರೆದ ಪಾರ್ಟ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಯಾದವಗಿರಿ_ಯೋಗಿ
"ಕಣ್ಣಾರೆ ನೋಡಿದ್ದೇನೆ" ಸರಿ. ಯಾವಾಗ ನೋಡಿದ್ದು? ಹೊಸ ಗಾಡಿಯಲ್ಲಾ, 40 ವರ್ಷ ಓಡಿ ಹತ್ತು ಕೈ ಬದಲಾದ ಗಾಡಿಯಲ್ಲಾ? ನಮ್ಮ ತಂದೆ ಆ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುತ್ತಿದ್ದರು. 1996ರಲ್ಲಿ ಬಾಗಿಲು ಹಾಕುವವರೆಗೂ. ಬೆರಳ ಸಂದಿನ ಗ್ರೀಸ್ ಕಪ್ಪು ಭಾನುವಾರವೂ ಹೋಗುತ್ತಿರಲಿಲ್ಲ, ಸೀಗೆಪುಡಿ ಹಾಕಿ ಉಜ್ಜಿದರೂ ಅಷ್ಟೇ. ಅವರು ತಮ್ಮ ಜೀವಮಾನದ ಹೆಚ್ಚು ವರ್ಷ ಮಾಡಿದ್ದು ಯೆಜ್ಡಿ. ಅದನ್ನು ಅಳಿಸಿ ಇನ್ನೊಂದು ಹೆಸರು ಹಾಕಿ "ಒರಿಜಿನಲ್" ಅಂದರೆ ನನಗೆ ಕೋಪ ಬರುತ್ತೆ, ಬರಲೇಬೇಕು.

ನಿಯಮ_ನಾಗರಾಜ
"ಒರಿಜಿನಲ್" ಅಂದರೆ ಏನು ಅಂತ ಕಾನೂನಲ್ಲೇ ಇದೆ. ಕೇಂದ್ರ ಸಾರಿಗೆ ಇಲಾಖೆ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿ ಇರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರಬಾರದು. ಮಧು ಅವರ ಗಾಡಿಗೆ 50 ತುಂಬಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಬ್ಯಾಡ್ಜ್ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ಜಗಳ ಯಾಕೆ?

ಯಾದವಗಿರಿ_ಯೋಗಿ
"ಮೂಲ ರೂಪ" ಅಂತ ನೀವೇ ಬರೆದಿದ್ದೀರಿ. ಮೂಲ ರೂಪದಲ್ಲಿ ಟ್ಯಾಂಕ್ ಮೇಲಿನ ಹೆಸರು ಬರಲ್ವಾ?

ಗ್ಯಾರೇಜ್_ಗಿರೀಶ
ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ, ನಾಗರಾಜ್ ಅವರು ಅದನ್ನು ಬಿಟ್ಟರು. ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ದಿನಾ ರಸ್ತೆಗೆ ಇಳಿಸುವ ಹಾಗಿಲ್ಲ. ಮಧು, ಅಪ್ಪನ ಗಾಡಿಯಲ್ಲಿ ಪೇಟೆಗೆ ಹೋಗಿ ಬರಬೇಕು ಅಂತಿದ್ದರೆ ಈ ದಾರಿಗೆ ಹೋಗಬೇಡಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಓಡಿಸಿ. 6 ವೋಲ್ಟ್ ತೆಗೆದು 12 ವೋಲ್ಟ್ ಹಾಕಿಬಿಡಿ. ರಾತ್ರಿ ಆ ಹೆಡ್‌ಲೈಟಲ್ಲಿ ಮಂಡ್ಯ ರಸ್ತೆಯ ಕಬ್ಬಿನ ಟ್ರ್ಯಾಕ್ಟರ್ ಕಾಣುವಷ್ಟರಲ್ಲಿ ಹತ್ತಿರ ಬಂದಿರುತ್ತೆ.

ಎರಡು_ಸೈಲೆನ್ಸರ್
12 ವೋಲ್ಟ್ ಹಾಕುವುದಾದರೆ ಹಳೇ ಡೈನಮೋ, ರೆಗ್ಯುಲೇಟರ್ ಎಸೆಯಬೇಡಿ. ಬಟ್ಟೆಯಲ್ಲಿ ಸುತ್ತಿ ಇಡಿ. ವಾಪಸ್ ಹಾಕಲು ಬರುವಂಥ ಬದಲಾವಣೆ ಮಾತ್ರ ಮಾಡಿ. ಇನ್ನೊಂದು, ಇಂಜಿನ್ ಕವರ್‌ಗಳನ್ನು ಕನ್ನಡಿಯ ಹಾಗೆ ಬಫಿಂಗ್ ಮಾಡಿಸಬೇಡಿ. ಬಫ್ ಹಿಡಿದರೆ ಅಕ್ಷರದ ಅಂಚು, ಎರಕದ ಗೆರೆ ಎಲ್ಲಾ ಸವೆದುಹೋಗುತ್ತೆ. ಹೋದದ್ದು ಮತ್ತೆ ಬರಲ್ಲ.

ಹುಬ್ಬಳ್ಳಿ_ಮಂಜು
ಯೋಗಿ ಅವರೇ, ನಿಮ್ಮ ತಂದೆಯವರ ಮೇಲೆ ನನಗೆ ಗೌರವ ಇದೆ. ಆದರೆ "ಇನ್ನೊಂದು ಹೆಸರು" ಅಂದಿರಲ್ಲ, ಜಾವಾ ಆ ಫ್ಯಾಕ್ಟರಿಗೆ ಇನ್ನೊಬ್ಬರ ಹೆಸರಾ? ಬೋರ್ಡಿನ ಮೇಲೆ ಐಡಿಯಲ್ ಜಾವಾ ಅಂತಲೇ ಇತ್ತು. ಜಾವಾ ಅನ್ನೋದೂ ಎರವಲೇ. ಕಂಪನಿ ಕಟ್ಟಿದ ಯಾನೆಚೆಕ್ (Janeček) ಮತ್ತು ಜರ್ಮನಿಯ ವಾಂಡರರ್ (Wanderer) ಕಂಪನಿ, ಎರಡರ ಮೊದಲ ಎರಡೆರಡು ಅಕ್ಷರ ಸೇರಿಸಿ 1929ರಲ್ಲಿ ಮಾಡಿದ್ದು. ಹೆಸರು ಹೀಗೇ ಸೇರುತ್ತೆ, ಕಳಚುತ್ತೆ. ಉಳಿಯುವುದು ಗಾಡಿ.

ಯಾದವಗಿರಿ_ಯೋಗಿ
ಹೆಸರು ಕಳಚುತ್ತೆ ಅನ್ನುವುದಾದರೆ ಮಧು ಅವರು ಎರಡೂ ಕಡೆ ಖಾಲಿ ಬಿಡಲಿ. ಅದನ್ನಾದರೂ ನಾನು ಒಪ್ಪುತ್ತೇನೆ. ಸುಳ್ಳು ಹೆಸರಿಗಿಂತ ಖಾಲಿ ಟ್ಯಾಂಕ್ ಮೇಲು.

ಹುಬ್ಬಳ್ಳಿ_ಮಂಜು
"ಸುಳ್ಳು" ಅನ್ನೋ ಮಾತು ವಾಪಸ್ ತೆಗೆದುಕೊಳ್ರಿ. ಒಬ್ಬ ಮಗ ಅಪ್ಪ ಕರೆದ ಹೆಸರನ್ನು ಅಪ್ಪನ ಗಾಡಿ ಮೇಲೆ ಬರೆಯೋದು ಸುಳ್ಳಾ? ಇಷ್ಟು ಹೊತ್ತು ಸುಮ್ನೆ ಕೇಳಿಕೊಂಡಿದ್ದೆ. ಇದು ಅತಿಯಾಯಿತು.

ಯಾದವಗಿರಿ_ಯೋಗಿ
ಮಾತು ವಾಪಸ್ ಇಲ್ಲ. ಮಧು ಅವರಿಗೆ ಹೇಳಿದ್ದಲ್ಲ, ಬ್ಯಾಡ್ಜಿಗೆ ಹೇಳಿದ್ದು.

ಗ್ಯಾರೇಜ್_ಗಿರೀಶ
ಗಾಡಿ ಇನ್ನೂ ನೆಲದ ಮೇಲೆ ಬಿಚ್ಚಿ ಬಿದ್ದಿದೆ. ಮೊದಲು ಕ್ರ್ಯಾಂಕ್ ಸೀಲ್ ನೋಡಿ. ಟೂ ಸ್ಟ್ರೋಕ್‌ನಲ್ಲಿ ಆ ಸೀಲ್ ಹೋದರೆ ಗಾಳಿ ಎಳೆದು ಇಂಜಿನ್ ಸರಿಯಾಗಿ ಓಡುವುದಿಲ್ಲ. 22 ವರ್ಷ ನಿಂತ ರಬ್ಬರ್ ಕಲ್ಲಾಗಿರುತ್ತೆ.

ಮಂಡ್ಯ_ಮಧು
ಸೀಲ್ ತೆಗೆದಿದ್ದೇನೆ ಗಿರೀಶಣ್ಣ. ಬಗ್ಗಿಸಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಇವತ್ತು ಬೆಳಿಗ್ಗೆ ಎಡಗಡೆ ಇಂಜಿನ್ ಕವರ್ ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜುತ್ತಿದ್ದೆ. ಮಣ್ಣು, ಎಣ್ಣೆ ಸೇರಿ ಗಟ್ಟಿಯಾಗಿ ಒಂದು ಬೆರಳು ದಪ್ಪ ಕೂತಿತ್ತು. ಅದು ಹೆಪ್ಪು ಹೆಪ್ಪಾಗಿ ಎದ್ದು ಬಂದಾಗ ಕೆಳಗೆ ಎರಕದ ಅಕ್ಷರ ಕಂಡಿತು. ಯೆಜ್ಡಿ ಅಂತ ಇದೆ. ಅಕ್ಷರದ ಬುಡದಲ್ಲಿ ಇನ್ನೂ ಹಾಲಿನ ಕ್ಯಾನಿನ ಹಗ್ಗದ ನಾರು ಸಿಕ್ಕಿಕೊಂಡಿತ್ತು. ಅಮ್ಮನಿಗೆ ತೋರಿಸಿದೆ. ಅವರು ಆ ನಾರು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು.

ಯಾದವಗಿರಿ_ಯೋಗಿ
ಅಕ್ಷರವೇ ಹೇಳಿತಲ್ಲ. ಇನ್ನೇನು ಬೇಕು?

ಹುಬ್ಬಳ್ಳಿ_ಮಂಜು
ಕವರ್ ನಡುವೆ ಯಾವಾಗಲಾದರೂ ಬದಲಾಗಿರಬಹುದು. 50 ವರ್ಷದ ಗಾಡಿ. ಅಮ್ಮ ಏನಂದರು ಅಂತ ಕೇಳಿ.

ಎರಡು_ಸೈಲೆನ್ಸರ್
ಆ ಕವರ್‌ಗೆ ಬಫಿಂಗ್ ಮುಟ್ಟಿಸಬೇಡಿ, ಇನ್ನೊಮ್ಮೆ ಹೇಳುತ್ತೇನೆ. ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ.

ಮಂಡ್ಯ_ಮಧು
ಅಮ್ಮ "ನಿಮ್ಮಪ್ಪ ಜಾವಾ ಅಂತಿದ್ರು, ಬರೆದಿರೋದು ಏನಿದೆಯೋ ಅದು ಇರಲಿ" ಅಂದರು. ಅದನ್ನು ನಾನು ಎರಡೂ ಕಡೆಯವರಿಗೆ ಬಿಡುತ್ತೇನೆ. ಬ್ಯಾಡ್ಜ್ ಹಾಕುವುದು ಕೊನೆಯ ಕೆಲಸ, ಇನ್ನೂ ತಿಂಗಳುಗಳಿವೆ. ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಕ್ಲಿಯರ್ ಇಲ್ಲದೆ ಹೊಡೆದ ಬಣ್ಣಕ್ಕೆ ಪೆಟ್ರೋಲ್ ತಾಗಿದರೆ ಉಳಿಯುತ್ತಾ? ಸೈಲೆನ್ಸರ್ ಕ್ರೋಮ್‌ಗೆ ಕೊಡುವ ಮೊದಲು ಏನು ಮಾಡಬೇಕು?

ಎರಡು_ಸೈಲೆನ್ಸರ್
ಕ್ಲಿಯರ್ ಇಲ್ಲದ ಪಿಯು ಸಿಗುತ್ತೆ. ಹಾರ್ಡ್‌ನರ್ ಬೆರೆಸಿ ಹೊಡೆಯುವ, ಒಂದೇ ಹಂತದ ಬಣ್ಣ. ಪೆಟ್ರೋಲ್ ತಡೆಯುತ್ತೆ, ಹೊಳಪು ಬಣ್ಣದಿಂದಲೇ ಬರುತ್ತೆ. ಟೂಲ್ ಬಾಕ್ಸ್ ಮುಚ್ಚಳವನ್ನೇ ಕೈಯಲ್ಲಿ ಹಿಡಿದು ಹೋಗಿ, ಅದರ ಒಳಮೈ ನೋಡಿ ಬಣ್ಣ ಬೆರೆಸಿಸಿ. ಫೋಟೋ ತೋರಿಸಿ ಬೆರೆಸಿದರೆ ತಪ್ಪುತ್ತೆ. ಆ ಒಳಮೈಗೆ ಮಾತ್ರ ಹೊಸ ಬಣ್ಣ ಹಚ್ಚಬೇಡಿ. ಸೈಲೆನ್ಸರ್ ಒಳಗಿನ ಎಣ್ಣೆ, ಕಾರ್ಬನ್ ಎಲ್ಲಾ ಸುಟ್ಟು ಕೊಡವಿ ತೆಗೆಯದೆ ಪ್ಲೇಟಿಂಗ್‌ಗೆ ಕೊಡಲೇಬೇಡಿ. ಒಳಗಿನ ಎಣ್ಣೆ ಬಿಸಿ ತೊಟ್ಟಿಯಲ್ಲಿ ಹೊರಗೆ ಒಸರಿ ನಿಕಲ್ ಹಿಡಿಯುವುದಿಲ್ಲ. ನನ್ನದು ಒಂದು ಜೋಡಿ ಹಾಗೇ ಹಾಳಾಯಿತು. ಎರಡನೇ ಸಲ ಅಂಗಡಿಯಲ್ಲೇ ನಿಂತು, ತಾಮ್ರದ ಕೋಟ್ ಆದಮೇಲೆ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಮುಂದಕ್ಕೆ ಬಿಟ್ಟೆ. ನೀವೂ ತಾಮ್ರ ನೋಡದೆ ಎದ್ದು ಬರಬೇಡಿ.