ಮೂರು ಜನ್ಮವರ್ಷಗಳ ಕಾವಲುಗಾರ: ಸಿಯೆರಾ ಲಿಯೋನ್‌ನ ಯುದ್ಧದಲ್ಲಿ ಬೆಳೆದ ಮಕ್ಕಳನ್ನು ಕುರಿತು ಚರ್ಚೆ

ಕೊಪ್ಪದ ಲೆಕ್ಕಿಗ:
ನಾನು 2008ರಿಂದ ಮೂರು ವರ್ಷ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್‌ನ ಒಂದು ವ್ಯಾಪಾರಿ ಮಳಿಗೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ರಾತ್ರಿ ಕಾವಲುಗಾರನ ಕಡತದಲ್ಲಿ ಮೂರು ಕಾಗದಗಳಿದ್ದವು. ಒಂದರ ಪ್ರಕಾರ ಆತ ಹುಟ್ಟಿದ್ದು 1981ರಲ್ಲಿ, ಇನ್ನೊಂದರ ಪ್ರಕಾರ 1983ರಲ್ಲಿ, ಮತ್ತೊಂದರ ಪ್ರಕಾರ 1985ರಲ್ಲಿ. ಯಾವುದು ನಿಜವೆಂದು ಕೇಳಿದರೆ ಆತ ನಕ್ಕುಬಿಟ್ಟ. ಯುದ್ಧ ಮುಗಿಯುವ ಹೊತ್ತಿಗೆ ಬಂದೂಕು ಒಪ್ಪಿಸುವ ಶಿಬಿರದಲ್ಲಿ ಹದಿನೆಂಟು ದಾಟಿದವರ ಕೈಗೆ ದುಡ್ಡು ಕೊಡುತ್ತಿದ್ದರಂತೆ, ಚಿಕ್ಕವರನ್ನು ಆರೈಕೆ ಕೇಂದ್ರಕ್ಕೂ ಶಾಲೆಗೂ ಕಳಿಸುತ್ತಿದ್ದರಂತೆ. "ನನಗೆ ಎರಡೂ ಬೇಕಿತ್ತು" ಎಂದ.

ಆತನ ಊರು ಲೈಬೀರಿಯದ ಗಡಿಗೆ ತಾಗಿದ ಕೈಲಾಹುನ್ ಜಿಲ್ಲೆಯಲ್ಲಿತ್ತು, ತಂದೆಗೆ ಕೋಕೋ ತೋಟವಿತ್ತು. 1993ರಲ್ಲಿ, ಮಳೆ ಇನ್ನೂ ಪೂರ್ತಿ ನಿಂತಿರದ, ಕೊಯ್ಯುವವರಿಲ್ಲದೆ ಕಾಯಿ ಮರದಲ್ಲೇ ಕೊಳೆಯುತ್ತಿದ್ದ ದಿನಗಳಲ್ಲಿ ಬಂಡುಕೋರರು ಆತನನ್ನು ಹೊತ್ತೊಯ್ದರು. ಮೊದಲು ಉಪ್ಪು, ಅಕ್ಕಿ, ಮದ್ದುಗುಂಡುಗಳನ್ನು ತಲೆಯ ಮೇಲೆ ಹೊರಿಸಿದರು, ಆಮೇಲೆ ಬಂದೂಕು ಕೊಟ್ಟರು. ಏಪ್ರಿಲ್ ತಿಂಗಳ ಧಗೆಯಲ್ಲೂ ಆತ ಅಂಗಿಯ ಕೊರಳಗುಂಡಿಯನ್ನು ಬಿಚ್ಚುತ್ತಿರಲಿಲ್ಲ. ಒಂದು ಬೆಳಗ್ಗೆ ನಲ್ಲಿಯ ಬಳಿ ಮೈ ತೊಳೆಯುತ್ತಿದ್ದಾಗ ಎದೆಯ ಮೇಲೆ ಅಲಗಿನಿಂದ ಕೊರೆದ ಮೂರು ಅಕ್ಷರಗಳನ್ನು ಕಂಡೆ: ಆರ್, ಯು, ಎಫ್, ಅಂದರೆ ಆ ಬಂಡುಕೋರರ ಪಡೆಯಾದ ರೆವಲ್ಯೂಷನರಿ ಯುನೈಟೆಡ್ ಫ್ರಂಟ್‌ನ ಮೊದಲಕ್ಷರಗಳು. ಓಡಿಹೋದರೆ ಗುರುತು ಸಿಗಲಿ ಎಂದು ದಳದವರೇ ಹಾಕಿದ ಗಾಯವದು. ಇಂಥವನನ್ನು ಅಪರಾಧಿಯೆಂದು ಕರೆಯುವುದು ಅನ್ಯಾಯವೆಂಬುದು ನನ್ನ ಅಭಿಪ್ರಾಯ. ಇತರರು ಏನೆನ್ನುವಿರಿ?

ಸತ್ಯಾನ್ವೇಷಿ:
ಕರುಣಾಜನಕ ಕಥೆ, ಆದರೆ ಲೆಕ್ಕಿಗರಾದ ತಾವೇ ಲೆಕ್ಕ ತಪ್ಪಿದ್ದೀರಿ. ಯುದ್ಧ ಶುರುವಾದದ್ದು 1991ರ ಮಾರ್ಚ್ 23ರಂದು, ಫೋಡೆ ಸಂಕೋನ ಆರ್‌ಯುಎಫ್ ಪಡೆ ಲೈಬೀರಿಯದ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್‌ನ ಬೆಂಬಲದಿಂದ ಅದೇ ಕೈಲಾಹುನ್ ಜಿಲ್ಲೆಗೆ ನುಗ್ಗಿದಾಗ. 1992ರ ಏಪ್ರಿಲ್‌ನಲ್ಲಿ ಕ್ಯಾಪ್ಟನ್ ವ್ಯಾಲೆಂಟೈನ್ ಸ್ಟ್ರಾಸರ್ ಅಧಿಕಾರ ಹಿಡಿದ ಮೇಲೆ ಸೈನ್ಯವು ಬಂಡುಕೋರರನ್ನು ಹಿಮ್ಮೆಟ್ಟಿಸುತ್ತ ಹೋಗಿ, 1993ರ ಕೊನೆಯ ಹೊತ್ತಿಗೆ ಅವರನ್ನು ಗಡಿಯ ಕಾಡಿನಂಚಿಗೆ ತಳ್ಳಿತ್ತು. ಆರ್‌ಯುಎಫ್‌ನ ಕಥೆ ಮುಗಿಯಿತೆಂದು ಎಲ್ಲರೂ ನಂಬಿದ್ದ ಋತುವಿನಲ್ಲೇ ತಮ್ಮ ಕಾವಲುಗಾರನ ಅಪಹರಣವಾಯಿತೇ? ಮೂರು ಜನ್ಮವರ್ಷ ಇಟ್ಟುಕೊಂಡವನ ನಾಲ್ಕನೆಯ ಇಸವಿಯನ್ನು ನಾವೇಕೆ ನಂಬಬೇಕು?

ಕಾನೂನು ಓದುವವಳು:
ಇಸವಿಯನ್ನು ಬದಿಗಿಟ್ಟು ಕೇಳಿದ ಪ್ರಶ್ನೆಗೆ ಬರೋಣ. ವಿಶ್ವಸಂಸ್ಥೆ ಮತ್ತು ಸಿಯೆರಾ ಲಿಯೋನ್ ಸರ್ಕಾರ ಸೇರಿ 2002ರಲ್ಲಿ ಸ್ಥಾಪಿಸಿದ ವಿಶೇಷ ನ್ಯಾಯಾಲಯಕ್ಕೆ ಹದಿನೈದು ತುಂಬದವರನ್ನು ವಿಚಾರಿಸುವ ಅಧಿಕಾರವೇ ಇರಲಿಲ್ಲ. ಹದಿನೈದರಿಂದ ಹದಿನೆಂಟರವರೆಗಿನವರನ್ನು ವಿಚಾರಿಸಬಹುದಿತ್ತು, ಆದರೆ ಮಕ್ಕಳ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ಆರಂಭದಲ್ಲಿಯೇ ಘೋಷಿಸಿದರು. ಅದೇ ನ್ಯಾಯಾಲಯ 2007ರಲ್ಲಿ ಮೂವರು ಸೇನಾನಾಯಕರಿಗೆ ಶಿಕ್ಷೆ ಕೊಟ್ಟಾಗ, ಮಕ್ಕಳನ್ನು ಪಡೆಗೆ ಸೇರಿಸಿದ ಅಪರಾಧಕ್ಕೆ ಅಂತರರಾಷ್ಟ್ರೀಯ ನ್ಯಾಯಪೀಠವೊಂದು ಮೊದಲ ಬಾರಿ ಶಿಕ್ಷೆ ವಿಧಿಸಿದಂತಾಯಿತು. ಬಂದೂಕು ಹಿಡಿದ ಕೈಗಿಂತ ಹಿಡಿಸಿದ ಕೈ ದೊಡ್ಡ ಅಪರಾಧಿ ಎಂಬುದು ಅಲ್ಲಿ ಇತ್ಯರ್ಥವಾಗಿದೆ.

ಇನ್ನೊಂದು ಮಾತು. ಶಸ್ತ್ರ ಒಪ್ಪಿಸಿದ 72 ಸಾವಿರಕ್ಕೂ ಹೆಚ್ಚು ಜನರಲ್ಲಿ ಮಕ್ಕಳು 6,800ರಷ್ಟಿದ್ದರು, ಅವರಲ್ಲಿ ಹೆಣ್ಣುಮಕ್ಕಳು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ದಳಗಳಲ್ಲಿ ಹುಡುಗಿಯರು ಕಡಿಮೆಯಿದ್ದರೆಂದಲ್ಲ. ಅನ್ನ ಬೇಯಿಸಲು, ಹೊರೆ ಹೊರಲು, ಕಮಾಂಡರನ 'ಹೆಂಡತಿ'ಯಾಗಿರಲು ಒಯ್ದ ಹುಡುಗಿಯ ಬಳಿ ತೋರಿಸಲು ಬಂದೂಕು ಇರುತ್ತಿರಲಿಲ್ಲ, ಹಾಗಾಗಿ ಅವಳು ಶಿಬಿರದ ಬಾಗಿಲನ್ನೇ ದಾಟಲಿಲ್ಲ.

ಸತ್ಯಾನ್ವೇಷಿ:
"ಇತ್ಯರ್ಥವಾಗಿದೆ" ಎಂದಿರಿ. ಹನ್ನೊಂದು ವರ್ಷದ ಯುದ್ಧಕ್ಕೆ ಆ ನ್ಯಾಯಾಲಯ ಆರೋಪ ಹೊರಿಸಿದ್ದು ಕೇವಲ ಹದಿಮೂರು ಜನರ ಮೇಲೆ. 1999ರ ಜನವರಿ 6ರಂದು ಫ್ರೀಟೌನ್‌ಗೆ ನುಗ್ಗಿದ ಬಂಡುಕೋರರು ಕತ್ತಿ ಹಿಡಿದು "ತುಂಡು ತೋಳೋ, ಉದ್ದ ತೋಳೋ" ಎಂದು ಕೇಳಿ ಕೈ ಕಡಿದದ್ದು ಅಂಗಿ ಹೊಲಿಯುವುದಕ್ಕಲ್ಲ. ಮೊಣಕೈ ಕಳೆದುಕೊಂಡು ಮರ್ರೆಟೌನ್ ಶಿಬಿರದಲ್ಲಿ ಕುಳಿತಿದ್ದವನ ಮುಂದೆ ಹೋಗಿ, ನಿನ್ನ ಕೈ ಕಡಿದವನು ಹದಿನಾಲ್ಕು ವರ್ಷದವನಾದ್ದರಿಂದ ಇದು ಇತ್ಯರ್ಥವಾಗಿದೆ ಎಂದು ಹೇಳುವ ಧೈರ್ಯ ತಮಗಿದೆಯೇ? ಅದಿರಲಿ, 1993ರ ಬಗ್ಗೆ ಮೂಲ ಲೇಖಕರು ಇನ್ನೂ ಉತ್ತರಿಸಿಲ್ಲ.

ಕೊಪ್ಪದ ಲೆಕ್ಕಿಗ:
ಉತ್ತರಿಸುತ್ತೇನೆ. 1993 ಎಂಬುದು ಆತ ಹೇಳಿದ ಇಸವಿಯಲ್ಲ, ನನ್ನ ಕೂಡಿಕಳೆ. ಆತ ಹೇಳಿದ್ದು ಮಳೆ ಮತ್ತು ಕೋಕೋ ಇಷ್ಟನ್ನೇ. ಒಟ್ಟು ಎಷ್ಟು ಮಳೆಗಾಲ ಕಾಡಿನಲ್ಲಿದ್ದನೆಂದು ಬೆರಳು ಮಡಿಸಿ ಎಣಿಸಿದ, ನಾನು ಹಿಂದಕ್ಕೆ ಕಳೆದೆ. ಎದೆಯ ಮೇಲಿನ ಅಕ್ಷರಗಳು ಮಾತ್ರ ನನ್ನ ಕೂಡಿಕಳೆಯಲ್ಲ.

ಸತ್ಯಾನ್ವೇಷಿ:
ಅಂದರೆ ಮೊದಲ ಬರಹದಲ್ಲಿ ಸಾಕ್ಷ್ಯವೆಂದು ಕೊಟ್ಟದ್ದು ಈಗ ಊಹೆಯಾಯಿತು. ಇಷ್ಟನ್ನು ಹೇಳಿಸಲು ಎರಡು ಬಾರಿ ಕೇಳಬೇಕಾಯಿತು.

ಗದ್ದೆಬದುವಿನವ:
ಸತ್ಯಾನ್ವೇಷಿಗಳೇ, ತಮಗೆ ಹಳ್ಳಿಯ ನೆನಪು ಕೆಲಸ ಮಾಡುವ ರೀತಿಯೇ ಗೊತ್ತಿದ್ದಂತಿಲ್ಲ. ನಮ್ಮ ತಂದೆಯವರು ಕಡೆಯವರೆಗೂ ಮೃಗಶಿರಾ ಮಳೆಗೆ ಹೀಗಾಯಿತು, ಆರಿದ್ರಾ ಮಳೆಗೆ ಹಾಗಾಯಿತು ಎಂದೇ ಹೇಳುತ್ತಿದ್ದರು. ಮಳೆಯಲ್ಲಿ ಎಣಿಸುವವನು ಸುಳ್ಳುಗಾರನೇನಲ್ಲ.

ಸತ್ಯಾನ್ವೇಷಿ:
ಒಳ್ಳೆಯ ಉದಾಹರಣೆ ಕೊಟ್ಟಿರಿ. ಆರಿದ್ರಾ ಮಳೆ ಜೂನ್ ಇಪ್ಪತ್ತೆರಡರ ಸುಮಾರಿಗೆ ಹುಟ್ಟುತ್ತದೆಂದು ಯಾವ ಪಂಚಾಂಗ ತೆರೆದರೂ ಸಿಗುತ್ತದೆ. ತಮ್ಮ ತಂದೆಯವರ ಮಾತನ್ನು ಪರೀಕ್ಷಿಸಬಹುದು, ಕಾವಲುಗಾರನ ಮಾತನ್ನು ಪರೀಕ್ಷಿಸಲಾಗದು.

ಗದ್ದೆಬದುವಿನವ:
ದಿನ ಸಿಗುತ್ತದೆ ಸ್ವಾಮಿ, ವರ್ಷ ಎಲ್ಲಿ ಸಿಗುತ್ತದೆ? ಆರಿದ್ರಾ ಮಳೆ ಪ್ರತಿ ವರ್ಷವೂ ಬರುತ್ತದೆ. ಕೋಕೋ ಮಾಗುವುದೂ ಹಾಗೆಯೇ, ಮಳೆ ತಗ್ಗುವ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ. ಋತುವನ್ನು ಆತ ಸರಿಯಾಗಿಯೇ ಹೇಳಿದ್ದಾನೆ. ವರ್ಷ ತಪ್ಪಿದ್ದರೆ ಅದು ಫ್ರೀಟೌನ್‌ನ ಲೆಕ್ಕಪತ್ರ ವಿಭಾಗದ ತಪ್ಪು.

ಸತ್ಯಾನ್ವೇಷಿ:
ವರ್ಷವೇ ಇಲ್ಲಿ ಮುಖ್ಯ. ಹುಟ್ಟಿದ ವರ್ಷ 1981 ಎಂದಾದರೆ, 1999ರ ಜನವರಿಯಲ್ಲಿ ಆತ ಹದಿನೇಳು ದಾಟಿದವನು. 1985 ಎಂದಾದರೆ ಹದಿನಾಲ್ಕರ ಆಸುಪಾಸಿನವನು. ಕಾನೂನು ಓದುವವರು ಹೇಳಿದ ಹದಿನೈದರ ಗೆರೆ ಈ ಎರಡರ ನಡುವೆಯೇ ಹಾಯ್ದುಹೋಗುತ್ತದೆ. ಹಾಗಿದ್ದ ಮೇಲೆ ಮಳೆಯ ಲೆಕ್ಕ ಹಿಡಿದು ಒಬ್ಬನನ್ನು ನಿರಪರಾಧಿಯೆಂದು ಸಾರುವುದು ಹೇಗೆ?

ನಿವೃತ್ತ ಹವಾಲ್ದಾರ:
ನಾನು 2000ನೆಯ ಇಸವಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾರತೀಯ ತುಕಡಿಯೊಡನೆ ದಾರು ಪಟ್ಟಣದಲ್ಲಿದ್ದೆ. ಆ ಮೇ ತಿಂಗಳಿನಲ್ಲಿ ಕೈಲಾಹುನ್‌ನಲ್ಲಿದ್ದ ನಮ್ಮ ಇನ್ನೂರಕ್ಕೂ ಹೆಚ್ಚು ಜನರನ್ನು ಆರ್‌ಯುಎಫ್ ಸುತ್ತುವರಿದಿತ್ತು. ಅವರನ್ನು ಬಿಡಿಸಿಕೊಂಡು ಬಂದದ್ದು ಜುಲೈ 15ರ ಆಪರೇಷನ್ ಖುಕ್ರಿಯಲ್ಲಿ. ತಾವೆಲ್ಲ ಇಸವಿ ಎಣಿಸುತ್ತಿದ್ದೀರಿ. ಅದಕ್ಕೂ ಮೊದಲು ರಸ್ತೆಗೆ ಅಡ್ಡಲಾಗಿ ಹಗ್ಗ ಕಟ್ಟಿ ನಿಲ್ಲುತ್ತಿದ್ದ ಒಬ್ಬ ಹುಡುಗ ನಮ್ಮ ವಾಹನ ಬಂದಾಗಲೆಲ್ಲ ಬಿಸ್ಕತ್ತು ಕೇಳುತ್ತಿದ್ದ. ಬಂದೂಕಿನ ಪಟ್ಟಿ ಆತನಿಗೆ ಎಷ್ಟು ಉದ್ದವಾಗಿತ್ತೆಂದರೆ ಮಧ್ಯದಲ್ಲಿ ಗಂಟು ಹಾಕಿಕೊಂಡಿದ್ದ. ಮೇ ತಿಂಗಳ ನಂತರ ಅದೇ ಹಗ್ಗದ ಆಚೆಯಿಂದ ನಮ್ಮತ್ತ ಗುಂಡು ಬಂತು. ಗುಂಡು ಹಾರಿಸಿದವನ ವಯಸ್ಸನ್ನು ಕೇಳುತ್ತ ಕೂರಲು ಆಗುವುದಿಲ್ಲ.

ಕಾನೂನು ಓದುವವಳು:
ಹವಾಲ್ದಾರರೇ, ಗುಂಡು ಬರುವಾಗ ವಯಸ್ಸು ಕೇಳಬೇಕೆಂದು ಯಾರೂ ಹೇಳಿಲ್ಲ. ಯುದ್ಧ ಮುಗಿದ ಮೇಲೆ ಕೇಳಬೇಕೆಂಬುದು ಇಲ್ಲಿಯ ವಿಷಯ.

ನಿವೃತ್ತ ಹವಾಲ್ದಾರ:
ಅಮ್ಮಾ, ಪಟ್ಟಿಗೆ ಗಂಟು ಹಾಕಿದ್ದ ಎಂದು ನಾನು ಬರೆದದ್ದು ಯಾಕೆಂದು ಯೋಚಿಸಿದಿರಾ? ಓದಿ ಬರೆಯಿರಿ.

ಗದ್ದೆಬದುವಿನವ:
ಎಲ್ಲರೂ ಮೂಲವನ್ನು ಮರೆತಿದ್ದೀರಿ. ಇದು ವಜ್ರದ ಯುದ್ಧ. ಕೋನೋ ಜಿಲ್ಲೆಯ ವಜ್ರ ಲೈಬೀರಿಯದ ಮೂಲಕ ಹೊರಹೋಯಿತು, ಬಂದೂಕು ಒಳಬಂತು. ಅದಕ್ಕೇ 2000ದ ಜುಲೈನಲ್ಲಿ ಭದ್ರತಾ ಮಂಡಳಿ ಅಲ್ಲಿನ ವಜ್ರದ ಮೇಲೆ ನಿರ್ಬಂಧ ಹೇರಿತು. ಅಪರಾಧಿ ಬೇಕಿದ್ದರೆ ಬೆರಳಿನ ಉಂಗುರ ನೋಡಿಕೊಳ್ಳಿ.

ಕಾನೂನು ಓದುವವಳು:
ವಜ್ರ ಯುದ್ಧವನ್ನು ಬೆಳೆಸಿತು, ಹುಟ್ಟಿಸಲಿಲ್ಲ. ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗ 2004ರ ವರದಿಯಲ್ಲಿ ಯುದ್ಧದ ಮೂಲವೆಂದು ಗುರುತಿಸಿದ್ದು ವರ್ಷಗಟ್ಟಲೆ ನಡೆದ ದುರಾಡಳಿತ ಮತ್ತು ಭ್ರಷ್ಟಾಚಾರವನ್ನು. ಮೇಷ್ಟರಿಗೆ ಸಂಬಳ ಕೊಡದ, ಶಾಲೆಗಳು ಮುಚ್ಚಿಹೋದ ನಾಡಿನಲ್ಲಿ ಕೆಲಸವಿಲ್ಲದ ಹುಡುಗರನ್ನು ಸೆಳೆಯುವುದಕ್ಕೆ ವಜ್ರವೇ ಬೇಕಿರಲಿಲ್ಲ. ಮಕ್ಕಳನ್ನು ಬಳಸಿದ್ದೂ ಬಂಡುಕೋರರು ಮಾತ್ರವಲ್ಲ. ಸರ್ಕಾರಿ ಸೈನ್ಯ ಬಳಸಿತು, ಸರ್ಕಾರದ ಪರವಾಗಿ ಹೋರಾಡಿದ ಕಮಾಜೋರ್ ಬೇಟೆಗಾರರೂ ಬಳಸಿದರು.

ಸತ್ಯಾನ್ವೇಷಿ:
"ಸರ್ಕಾರಿ ಸೈನ್ಯ ಬಳಸಿತು" ಎಂಬುದನ್ನು ಗಮನಿಸಿ. 1993ರಲ್ಲಿ ಆ ಜಿಲ್ಲೆಯ ಬಹುಭಾಗ ಸೈನ್ಯದ ಕೈಯಲ್ಲಿತ್ತೆಂದು ನಾನು ಹೇಳಿದ್ದೆ. ಹಾಗಾದರೆ ಕಾವಲುಗಾರನನ್ನು ಒಯ್ದವರು ಸೈನಿಕರೇ ಆಗಿದ್ದಿರಬಹುದಲ್ಲ?

ಕೊಪ್ಪದ ಲೆಕ್ಕಿಗ:
ಸೈನ್ಯವು ಹುಡುಗನ ಎದೆಯ ಮೇಲೆ ಶತ್ರುವಿನ ಹೆಸರನ್ನು ಕೊರೆಯುತ್ತಿತ್ತೇ? ಕಾಡಿನಂಚಿಗೆ ತಳ್ಳಲ್ಪಟ್ಟ ಪಡೆಗೇ ಹೊರೆ ಹೊರಲು ಮಕ್ಕಳು ಹೆಚ್ಚು ಬೇಕಾಗುತ್ತಿದ್ದರೆಂಬುದು ತಮಗೆ ಹೊಳೆಯಲಿಲ್ಲವೇ? ಕಾಡು ಸೇರಿದ ಆರ್‌ಯುಎಫ್ ಅಲ್ಲಿ ನೆಲೆಗಳನ್ನು ಕಟ್ಟಿಕೊಂಡು, ಹೊಂಚುದಾಳಿ ಮಾಡುತ್ತ ಮತ್ತೆ ದೇಶವನ್ನೆಲ್ಲ ವ್ಯಾಪಿಸಿತು. ತಮ್ಮ ವಾದಕ್ಕೆ ಬೇಕಾದಷ್ಟು ಇತಿಹಾಸ ಓದಿ ಪುಸ್ತಕ ಮುಚ್ಚಿಟ್ಟಿದ್ದೀರಿ. ಇಷ್ಟು ಕೋಪ ನನಗೆ ಬರಬಾರದಿತ್ತು, ಆದರೆ ಆ ನಲ್ಲಿಯ ಬಳಿ ನಿಂತವನು ನಾನು.

ಸತ್ಯಾನ್ವೇಷಿ:
ಕೋಪ ಪುರಾವೆಯಲ್ಲ. ಉಗಾಂಡದ ಡೊಮಿನಿಕ್ ಓಂಗ್ವೆನ್‌ನ ಉದಾಹರಣೆ ಕೊಡುತ್ತೇನೆ. ಶಾಲೆಗೆ ಹೋಗುತ್ತಿದ್ದ ಪುಟ್ಟ ಹುಡುಗನಾಗಿದ್ದಾಗ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರ ಪಡೆ ಆತನನ್ನು ಎಳೆದೊಯ್ದಿತು. ಆದರೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ ಆತನಿಗೆ 25 ವರ್ಷಗಳ ಸೆರೆವಾಸ ವಿಧಿಸಿತು. ಬಾಲ್ಯ ಕಳೆದುಕೊಂಡದ್ದು ಕ್ಷಮಾಪತ್ರವಲ್ಲ.

ಕಾನೂನು ಓದುವವಳು:
ಓಂಗ್ವೆನ್‌ಗೆ ಶಿಕ್ಷೆಯಾದದ್ದು 2002ರಿಂದ 2005ರವರೆಗೆ, ಬೆಳೆದ ಕಮಾಂಡರನಾಗಿ ಮಾಡಿದ ಕೃತ್ಯಗಳಿಗೆ. ಬಾಲ್ಯದ ಅಪಹರಣವನ್ನು ಪರಿಗಣಿಸಿಯೇ ನ್ಯಾಯಾಧೀಶರು ಶಿಕ್ಷೆಯನ್ನು ತಗ್ಗಿಸಿದರು. ತಾವು ತೀರ್ಪಿನ ಶೀರ್ಷಿಕೆ ಓದಿದ್ದೀರಿ. ಇನ್ನು ಯುದ್ಧದ ನಂತರದ ಮಾತು: ಸಂಶೋಧಕಿ ತೆರೇಸಾ ಬೆಟನ್‌ಕೋರ್ಟ್ ತಂಡದವರು 2002ರಿಂದ ಸಿಯೆರಾ ಲಿಯೋನ್‌ನ ಐನೂರಕ್ಕೂ ಹೆಚ್ಚು ಮಕ್ಕಳ ಬದುಕನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದ್ದಾರೆ. ಮನೆಯವರೂ ಊರವರೂ ಒಳಗೆ ಕರೆದುಕೊಂಡ ಮಕ್ಕಳು ಚೇತರಿಸಿಕೊಂಡರು, ಬಂಡುಕೋರನೆಂದು ದೂರವಿಟ್ಟವರ ಸ್ಥಿತಿ ಕೆಟ್ಟಿತು. ತಾವು ಇಲ್ಲಿ ಮಾಡುತ್ತಿರುವುದು ಆ ದೂರವಿಡುವ ಕೆಲಸವನ್ನೇ.

ಸತ್ಯಾನ್ವೇಷಿ:
"ಶಿಕ್ಷೆಯನ್ನು ತಗ್ಗಿಸಿದರು" ಎಂದು ತಾವೇ ಬರೆದಿದ್ದೀರಿ. ತಗ್ಗಿಸಲು ಮೊದಲು ಶಿಕ್ಷೆ ಇರಬೇಕಲ್ಲವೇ? ನಾನು ಹೇಳುತ್ತಿರುವುದೂ ಅಷ್ಟೇ.

ನಿವೃತ್ತ ಹವಾಲ್ದಾರ:
ಲೆಕ್ಕಿಗರೇ, ಬಂದೂಕು ಒಪ್ಪಿಸಿದ ಕೆಲವು ಹುಡುಗರ ಎದೆಯ ಅಕ್ಷರಗಳನ್ನು ವೈದ್ಯರು ಶಸ್ತ್ರಚಿಕಿತ್ಸೆಯಿಂದ ಅಳಿಸಿದರೆಂದು ಕೇಳಿದ್ದೆ. ನಿಮ್ಮವನು ಏಕೆ ಅಳಿಸಿಕೊಳ್ಳಲಿಲ್ಲ?

ಕೊಪ್ಪದ ಲೆಕ್ಕಿಗ:
ಆ ಸಾಲಿನಲ್ಲಿ ನಿಂತರೆ ಯಾರಾದರೂ ಗುರುತು ಹಿಡಿಯುತ್ತಾರೆಂಬ ಭಯವಿತ್ತಂತೆ. ಗುಂಡಿ ಹಾಕಿಕೊಂಡರೆ ಸಾಕು ಎಂದ.

ಕಾನೂನು ಓದುವವಳು:
ಹೆಣ್ಣುಮಕ್ಕಳ ಬಗ್ಗೆ ನಾನು ಬರೆದ ಮಾತನ್ನು ಇಷ್ಟು ಜನರಲ್ಲಿ ಒಬ್ಬರೂ ಮುಟ್ಟಲಿಲ್ಲ. ಒಂದು ಇಸವಿಗಾಗಿ ಅರ್ಧ ಚರ್ಚೆ ಮುಗಿಯಿತು.

ಸತ್ಯಾನ್ವೇಷಿ:
ಆ ಇಸವಿ ಇನ್ನೂ ಮುಗಿದಿಲ್ಲ. ಲೆಕ್ಕಿಗರೇ, ಕೊನೆಯ ಪ್ರಶ್ನೆ. ಮೂರು ಜನ್ಮವರ್ಷಗಳಲ್ಲಿ ತಾವು ಸಂಬಳದ ಪುಸ್ತಕದಲ್ಲಿ ಯಾವುದನ್ನು ಬರೆದುಕೊಂಡಿರಿ?

ಕೊಪ್ಪದ ಲೆಕ್ಕಿಗ:
1981. ಆತನ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದೇ ಇತ್ತು. ಬೇರೆ ವರ್ಷ ಬರೆದಿದ್ದರೆ ಆ ತಿಂಗಳ ಸಂಬಳ ಆತನ ಖಾತೆಗೆ ಜಮಾ ಆಗುತ್ತಿರಲಿಲ್ಲ.