ಪದ ಬೇಕು: ಬಲ ಕುಂದದ ಸ್ನಾಯುರೋಗಕ್ಕೆ ಏನನ್ನೋಣ?

ಬದಿಯಡ್ಕದಿಂದ:
ತುರ್ತು. ನಾಡಿದ್ದು ನಮ್ಮೂರಲ್ಲಿ ಆರೋಗ್ಯ ಶಿಬಿರ. ಕನ್ನಡ, ಮಲಯಾಳ ಎರಡೂ ಇರುವ ಕರಪತ್ರ ಸಂಜೆ ಐದರೊಳಗೆ ಪ್ರೆಸ್ಸಿಗೆ ಹೋಗಬೇಕು. ಡರ್ಮಟೋಮಯೋಸೈಟಿಸ್‌ಗೆ ‘ಚರ್ಮ-ಸ್ನಾಯು ಉರಿಯೂತ’ ಎಂದು ಬರೆದೆ. ಮುಂದಿನ ಸಾಲಿಗೇ ಸಿಕ್ಕಿಬಿದ್ದೆ. ಕೆಲವರಿಗೆ ರೆಪ್ಪೆಯ ಮೇಲೆ ನೇರಳೆ ಬಣ್ಣ, ಬೆರಳ ಗೆಣ್ಣುಗಳ ಮೇಲೆ ಗುಳ್ಳೆ ಎಲ್ಲ ಬರುತ್ತದೆ. ಆದರೆ ಬಲ ಕುಂದುವುದಿಲ್ಲ. ಮೆಟ್ಟಿಲು ಹತ್ತುತ್ತಾರೆ, ಕೈಯೆತ್ತಿ ತಲೆ ಬಾಚುತ್ತಾರೆ. ಈ ಬಗೆಗೆ ಅಮಯೋಪಥಿಕ್ ಅನ್ನುತ್ತಾರೆ. ‘ನಿಃಸ್ನಾಯು’ ಎಂದರೆ ಸ್ನಾಯುವೇ ಇಲ್ಲ ಎಂದಾಗುತ್ತದೆ, ಅಲ್ವಾ?

ಕುಂಬಳೆಯಿಂದ:
ಮೊದಲು ‘ಸ್ನಾಯು’ ತೆಗೆಯಿರಿ. ಪಕ್ಕದಲ್ಲೇ ಮಲಯಾಳ ಇದೆ. ಅವರಿಗೆ ಸ್ನಾಯು ಎಂದರೆ ಎಲುಬಿಗೆ ಎಲುಬು ಬಿಗಿಯುವ ಕಟ್ಟು. ನಮ್ಮ ಸ್ನಾಯುವಿಗೆ ಅವರು ಪೇಶಿ ಅನ್ನುತ್ತಾರೆ. ಬಂಗಾಳಿಯಲ್ಲಿ ಅದೇ ಸ್ನಾಯು ನರ! ಕನ್ನಡ, ಮರಾಠಿ ಹಾದಿ ತಪ್ಪಿವೆ.

ಸೊಲ್ಲಾಪುರದಿಂದ:
ಯಾರೂ ತಪ್ಪಿಲ್ಲ. ಇಲ್ಲಿ ಸ್ನಾಯು ತೋರಿಸು ಎಂದರೆ ಕನ್ನಡದ ಹುಡುಗನೂ ಮರಾಠಿ ಹುಡುಗನೂ ತೋಳು ಮಡಚುತ್ತಾರೆ. ಮಲಯಾಳಕ್ಕಾಗಿ ಕನ್ನಡ ತಿದ್ದಬೇಕಾ?

ಕುಂಬಳೆಯಿಂದ:
ಸಾಲ ತಂದ ಮಾತಿಗೆ ಎಷ್ಟು ಅಕ್ಕರೆ! ನಮ್ಮದೇ ‘ಕಂಡ’ ಇದೆ. ತೆಲುಗರು ಕಂಡರ ಅನ್ನುವುದಿಲ್ಲವೇ? ‘ಕಂಡವುರಿ’ ಎಂದು ಹಾಕಿ.

ಸೊಲ್ಲಾಪುರದಿಂದ:
ಓದಿದವರು ಕಂಡಕಂಡಲ್ಲಿ ಉರಿ ಅಂದುಕೊಳ್ಳುತ್ತಾರೆ. ಇದೇ ಹಟದಿಂದ ‘ಉರಿಯೂತ’ದಂಥ ಒಳ್ಳೆ ಪದಕ್ಕೂ ಕೆಟ್ಟ ಹೆಸರು.

ಮಂಜೇಶ್ವರದಿಂದ:
ಜಗಳ ಆಮೇಲೆ. ‘ನೇರಳೆ’ ತಿದ್ದಿ. ನಮ್ಮಂಥ ಕಪ್ಪು ಮೈಬಣ್ಣದಲ್ಲಿ ಅದು ನೇರಳೆಯಾಗಿ ಕಾಣುವುದು ಕಡಿಮೆ. ನನ್ನ ಅತ್ತೆಗೆ ಕಾಡಿಗೆ ಒರಸಿದ ಹಾಗಿತ್ತು, ಬಿಸಿಲಿಗೆ ಹೋದರೆ ಜಾಸ್ತಿ. ನಾವು ನಿದ್ದೆಗೆಟ್ಟದ್ದು ಎಂದುಕೊಂಡೆವು. ‘ರೆಪ್ಪೆ ಕಪ್ಪಾಗಿ ಬಾತರೆ’ ಎಂದು ಬರೆಯಿರಿ. ‘ಸೌಮ್ಯ’ ಎಂದಂತೂ ಬೇಡ. ಬಲ ಇದೆ ಎಂದು ಸುಮ್ನೆ ಕೂರುವ ಹಾಗಿಲ್ಲ. ಈ ಬಗೆಯಲ್ಲೂ ಕೆಲವರಿಗೆ ಶ್ವಾಸಕೋಶ ಬೇಗ ಕೆಡುತ್ತದೆ. ಒಣಕೆಮ್ಮು, ಏದುಸಿರು ಇದ್ದರೆ ತಡಮಾಡಬೇಡಿ ಎಂದು ಸೇರಿಸಿ.

ಕುಂಬಳೆಯಿಂದ:
‘ಸೌಮ್ಯ’ವೂ ಸಂಸ್ಕೃತವೇ.

ಬದಿಯಡ್ಕದಿಂದ:
‘ಬಲ ಕುಂದದ ಚರ್ಮ-ಸ್ನಾಯು ಉರಿಯೂತ’ ಎಂದೇ ಕಳಿಸಿದೆ. ರೆಪ್ಪೆ, ಕೆಮ್ಮು ಎರಡೂ ಸೇರಿಸಿದೆ. ಈಗ ಪ್ರೂಫ್ ಬಂತು. ‘ಬಲ ಕುಂದಿದ’ ಎಂದು ಅಚ್ಚಾಗಿದೆ. ಪ್ರೆಸ್ಸಿಗೆ ಹೊರಟೆ.