ಬಯಲಾಟದ ವಿಡಿಯೊದಲ್ಲಿ ಕಪ್ಪು ಪಟ್ಟಿ ಓಡುತ್ತದೆ, ಅರ್ಧ ಗಂಟೆಗೆ ರೆಕಾರ್ಡಿಂಗ್ ನಿಲ್ಲುತ್ತದೆ

ಪ್ರಶ್ನೆ (ಉಡುಪಿಯಿಂದ):
ನಮಸ್ಕಾರ. ನನ್ನದು ಕಿಸೆಯಲ್ಲಿ ಹಿಡಿಯುವಂಥ ಚಿಕ್ಕ ಡಿಜಿಟಲ್ ಕ್ಯಾಮೆರಾ. ಮನೆ ಹತ್ತಿರದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಆದಾಗ ವಿಡಿಯೊ ಮಾಡಿದೆ. ರಂಗಸ್ಥಳದ ಎಲ್‌ಇಡಿ ಬೆಳಕಿನಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಓಡುತ್ತವೆ. ಇನ್ನೊಂದು, ಅರ್ಧ ಗಂಟೆಯಾಗುತ್ತಿದ್ದಂತೆ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತದೆ. ಕಾರ್ಡಿನಲ್ಲಿ ಜಾಗ ಇದೆ, ಬ್ಯಾಟರಿಯೂ ಇದೆ. ರಿಪೇರಿಯವರು ಸೆನ್ಸರ್ (ಚಿತ್ರ ಹಿಡಿಯುವ ಭಾಗ) ಹೋಗಿದೆ ಎನ್ನುತ್ತಾರೆ. ಮೆನುವಿನಲ್ಲಿ 60ಪಿ, ಅಂದರೆ ಸೆಕೆಂಡಿಗೆ 60 ಫ್ರೇಮ್, ಅಂತ ಇದೆ.

ಉತ್ತರ (ಮಂಗಳೂರಿನಿಂದ):
ಸೆನ್ಸರ್ ಬದಲಿಸಲು ದುಡ್ಡು ಕೊಡಬೇಡಿ ಮಾರಾಯ್ರೆ. ಮೊದಲು ಹಗಲಲ್ಲಿ ಮಲ್ಪೆ ಕಡಲ ಬದಿಗೆ ಹೋಗಿ ಒಂದು ವಿಡಿಯೊ ಮಾಡಿ. ಅಲ್ಲಿ ಪಟ್ಟಿ ಕಾಣದಿದ್ದರೆ ಕ್ಯಾಮೆರಾ ಸರಿ ಇದೆ, ತೊಂದರೆ ಲೈಟಿನದ್ದು.

ನಮ್ಮ ಕರೆಂಟು 50 ಹರ್ಟ್ಜ್. ಅದರ ಮೇಲೆ ಉರಿಯುವ ಎಷ್ಟೋ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಷಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/60 ಸೆಕೆಂಡ್ ಇದ್ದರೆ ಒಂದು ಸಾಲಿಗೆ ಬೆಳಕು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅದೇ ಪಟ್ಟಿ. ಮೆನುವಿನಲ್ಲಿ ಎನ್‌ಟಿಎಸ್‌ಸಿ (60 ಹರ್ಟ್ಜ್ ಕರೆಂಟಿಗೆ ಹೊಂದುವ ವಿಡಿಯೊ ಕ್ರಮ) ಇದ್ದರೆ ಪಾಲ್ (50 ಹರ್ಟ್ಜಿಗೆ ಹೊಂದುವ ಕ್ರಮ) ಮಾಡಿ, ಸೆಕೆಂಡಿಗೆ 25 ಅಥವಾ 50 ಫ್ರೇಮ್ ಇಡಿ. ಷಟರ್ ಕೈಯಲ್ಲಿ ಇಡಲು ಬಂದರೆ 1/50 ಅಥವಾ 1/100. ಪಾಲ್‌ಗೆ ಬದಲಿಸುವಾಗ ಕೆಲವು ಕ್ಯಾಮೆರಾಗಳು ಕಾರ್ಡ್ ಫಾರ್ಮ್ಯಾಟ್ ಮಾಡಲು ಕೇಳುತ್ತವೆ, ಹಳೆಯ ವಿಡಿಯೊ ಮೊದಲೇ ತೆಗೆದಿಟ್ಟುಕೊಳ್ಳಿ. ಧೀಂಗಿಣ (ಗಿರಗಿರ ತಿರುಗಿ ಹಾರುವ ಕುಣಿತ) ಚೊಕ್ಕ ಬರಲಿ ಅಂತ ಷಟರನ್ನು 1/500ಕ್ಕೆ ಏರಿಸಬೇಡಿ, ಪಟ್ಟಿ ಇನ್ನೂ ಜೋರಾಗುತ್ತದೆ.

ಅರ್ಧ ಗಂಟೆಯದ್ದು ದೋಷವೇ ಅಲ್ಲ. ಅರ್ಧ ಗಂಟೆ ಮೀರಿ ರೆಕಾರ್ಡ್ ಮಾಡುವುದನ್ನು ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಹಾಗಾಗಿ ಎಷ್ಟೋ ಕಂಪನಿಗಳು 29 ನಿಮಿಷ 59 ಸೆಕೆಂಡಿಗೆ ನಿಲ್ಲುವಂತೆ ಮಾಡಿದವು. ಒಡ್ಡೋಲಗ (ವೇಷಗಳ ಪ್ರವೇಶದ ಕುಣಿತ) ಮುಗಿದಾಗ, ವೇಷ ಒಳಗೆ ಹೋದಾಗ ನೀವೇ ನಿಲ್ಲಿಸಿ ಮತ್ತೆ ಒತ್ತಿ. ಒಳ್ಳೆಯ ಪದ್ಯದ ನಡುವೆ ಕಡಿದುಹೋದರೆ ಬೇಸರ ಅಲ್ವಾ?

ಪ್ರಶ್ನೆ ಕೇಳಿದವರು:
ಪಾಲ್ ಮಾಡಿದೆ, ಮನೆಯ ಟ್ಯೂಬ್‌ಲೈಟಿನಲ್ಲಿ ಪಟ್ಟಿ ಪೂರ್ತಿ ಹೋಯಿತು! ತುಂಬ ಉಪಕಾರ. ಆದರೆ ಆಟದ ದಿನ ಜನರೇಟರ್ ಇರುತ್ತದೆ. ಚೆಂಡೆ ಜೋರಾದಾಗ ಧ್ವನಿಯೂ ಒಡೆಯುತ್ತದೆ.

ಉತ್ತರ (ಮಂಗಳೂರಿನಿಂದ):
ಜನರೇಟರಿನ ಓಟ ಏರುಪೇರಾದರೆ ಹರ್ಟ್ಜ್ ಕೂಡ ಆಚೀಚೆ ಆಗುತ್ತದೆ, ಸ್ವಲ್ಪ ಪಟ್ಟಿ ಉಳಿಯಬಹುದು. ಆಗ 1/50ರಲ್ಲೇ ಇರಿ. ಧ್ವನಿಗೆ, ಮೆನುವಿನಲ್ಲಿ ಮೈಕ್ ಲೆವೆಲ್ ಇದ್ದರೆ ಇಳಿಸಿ. ಇಲ್ಲದಿದ್ದರೆ ಸ್ಪೀಕರಿನಿಂದ ದೂರ, ಚೆಂಡೆಯ ಎದುರು ಬದಿಯಲ್ಲಿ ಕೂತುಕೊಳ್ಳಿ. ಭಾಗವತರ ಪದ ನಿಮಗೆ ಮುಖ್ಯ ಅಂತಾದರೆ ಮೊಬೈಲಿನಲ್ಲಿ ಬೇರೆಯಾಗಿ ಧ್ವನಿ ಹಿಡಿದು ಆಮೇಲೆ ಜೋಡಿಸಿ. ಚೆಂಡೆಯ ಒಂದು ಗಟ್ಟಿ ಪೆಟ್ಟು ಸಾಕು, ಎರಡನ್ನೂ ತಾಳೆ ಹಾಕಲು.